ಎಳೆಯ ಮಕ್ಕಳೊಡನೆ ಮಲೆನಾಡಿನಲ್ಲಿ ಬಿಡಾರ

ನಮ್ಮ ಹಿರಿಯರಿಗೆ ಬಯಲಿನಲ್ಲಿ ಮಲಗುವುದು ವಿಹಾರವಾಗಿರಲಿಲ್ಲ. ಅದು ಪ್ರಯಾಣದ ಒಂದು ಅಂಗವಾಗಿತ್ತು. ಜಾತ್ರೆಗೋ, ಮದುವೆಗೋ, ಹರಕೆ ತೀರಿಸುವುದಕ್ಕೋ ಹೊರಟ ಸಂಸಾರ ಕಮಾನು ಗಾಡಿಯೊಳಗೆ ಹುಲ್ಲು ತುಂಬಿ, ಮೇಲೆ ಕಂಬಳಿ ಹಾಸಿ, ಎಳೆಯ ಮಕ್ಕಳನ್ನು ನಡುವೆ ಕೂರಿಸಿಕೊಂಡು ಹೊರಡುತ್ತಿತ್ತು. ಹೊತ್ತು ಮುಳುಗಿದ ಕಡೆ, ಊರ ಮುಂದಿನ ತೋಪಿನಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ, ಬುತ್ತಿಯ ರೊಟ್ಟಿಗೆ ಬಿಸಿ ಸಾರು ಮಾಡಿಕೊಂಡು ಉಂಡು ಮಲಗುತ್ತಿದ್ದರು. ಮಕ್ಕಳಿಗೆ ಪ್ರಕೃತಿಯ ಪರಿಚಯ ಮಾಡಿಸಬೇಕೆಂಬ ಮಾತನ್ನು ಆ ಬಿಡಾರದಲ್ಲಿ ಯಾರೂ ಆಡುತ್ತಿರಲಿಲ್ಲ. ಆದರೆ ಎರಡು ಸಂಗತಿಗಳನ್ನು ಮಾತ್ರ ಯಾರೂ ಮರೆಯುತ್ತಿರಲಿಲ್ಲ: ಗಾಡಿ ಬಿಡುವ ಮೊದಲು ಊರಿನವರೊಬ್ಬರನ್ನು ಕೇಳುವುದು, ಮತ್ತು ನೀರು ಎಲ್ಲಿದೆಯೆಂದು ತಿಳಿದುಕೊಳ್ಳುವುದು.

ಈಗ ಆ ಗಾಡಿಗಳು ಹೋಗಿವೆ. ತೋಪುಗಳೂ ಬಹುಮಟ್ಟಿಗೆ ಹೋಗಿವೆ. ಆದರೆ ಬಯಲಿನಲ್ಲಿ ಮಲಗುವ ಆಸೆ ಬೇರೊಂದು ರೂಪದಲ್ಲಿ ಮರಳಿ ಬಂದಿದೆ. ಬೆಂಗಳೂರು, ಮೈಸೂರು, ಹಾಸನಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಮೂರು, ಐದು, ಏಳು ವರ್ಷದ ಮಕ್ಕಳನ್ನು ಕರೆದುಕೊಂಡು, ಕಾರಿನಲ್ಲಿ ಮಡಿಸುವ ಡೇರೆಯೊಂದನ್ನು ಇಟ್ಟುಕೊಂಡು, ಸಕಲೇಶಪುರ ಮತ್ತು ಆಲೂರಿನ ಗುಡ್ಡಗಳ ಕಡೆಗೆ ಹೊರಡುತ್ತಿದ್ದಾರೆ. ಹೊರಡುವ ಮುನ್ನ ಕೆಲವರು ಈ ಲೇಖಕನನ್ನು ಕೇಳುವುದುಂಟು. ಹಿಂದಿರುಗಿದ ಮೇಲೆ ತಮ್ಮ ಪಾಡನ್ನು ಹೇಳಿಕೊಳ್ಳುವವರು ಇನ್ನೂ ಹೆಚ್ಚು. ಎರಡೂ ಬಗೆಯವರ ಉಪಯೋಗಕ್ಕಾಗಿ ಈ ನಾಲ್ಕು ಮಾತುಗಳನ್ನು ಬರೆದಿದ್ದೇನೆ.

ಶಿಬಿರ ಜೀವನದ ಬಗ್ಗೆ ನಮ್ಮಲ್ಲಿ ಇರುವ ತಿಳಿವಳಿಕೆ ಬಹುಪಾಲು ಸ್ಕೌಟ್ ಚಳವಳಿಯಿಂದ ಬಂದದ್ದು. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರೊಡನೆ ನಡೆಸಿದ ಶಿಬಿರವೇ ಅದರ ಮೂಲ. ನಮ್ಮ ಶಾಲೆಗಳ ಅಧ್ಯಾಪಕರು ಕಲಿತ ಗಂಟು ಹಾಕುವುದು, ಡೇರೆ ಎತ್ತುವುದು, ಒಲೆ ಹೂಡುವುದು ಎಲ್ಲವೂ ಆ ಪರಂಪರೆಯವು. ಆದರೆ ಆ ಹುಡುಗರು ಬೆಳೆದವರು; ತಮ್ಮ ಕಾಲ ಮೇಲೆ ನಿಂತು ಆಜ್ಞೆ ಪಾಲಿಸಬಲ್ಲವರು. ಮೂರು ವರ್ಷದ ಮಗು ಆಜ್ಞೆ ಪಾಲಿಸುವುದಿಲ್ಲ, ಚಳಿಯಾಗುತ್ತಿದೆಯೆಂದು ಹೇಳುವುದಿಲ್ಲ, ರಾತ್ರಿ ಎರಡು ಗಂಟೆಗೆ ಎದ್ದು ಮನೆಗೆ ಹೋಗೋಣ ಎನ್ನುತ್ತದೆ. ಆದುದರಿಂದ ಹಿರಿಯ ಬಾಲಕರಿಗಾಗಿ ಬರೆದ ನಿಯಮಗಳನ್ನು ಇಲ್ಲಿಗೆ ತಂದು ಅನ್ವಯಿಸಿದರೆ ಪ್ರಯೋಜನ ಕಡಿಮೆ. ಜೊತೆಗೆ ಈ ಗುಡ್ಡಗಳದೇ ಆದ ಕೆಲವು ಕಟ್ಟಳೆಗಳಿವೆ. ಅವನ್ನು ತಿಳಿಯದೆ ಬಂದವರು ಸುಖಪಡುವುದು ದೈವಯೋಗದಿಂದ ಮಾತ್ರ.

ಹಾಸನದಿಂದ ಪಶ್ಚಿಮಕ್ಕೆ ಹೊರಟರೆ ಆಲೂರಿನ ಬಳಿ ಬಯಲುಸೀಮೆ ಮುಗಿಯತೊಡಗುತ್ತದೆ. ರಾಗಿಯ ಹೊಲಗಳು ತಗ್ಗಿ ಭತ್ತದ ಗದ್ದೆಗಳೂ ಸಿಲ್ವರ್ ಮರದ ಸಾಲುಗಳೂ ಕಾಣುತ್ತವೆ. ಇದು ಅರೆಮಲೆನಾಡು. ಹಾಸನದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಹೇಮಾವತಿಯ ದಡದಲ್ಲಿ, ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವ ಸಕಲೇಶಪುರಕ್ಕೆ ಬರುವಾಗ ಮಲೆನಾಡು ಪೂರ್ಣವಾಗಿ ಆರಂಭವಾಗಿರುತ್ತದೆ. ಅಲ್ಲಿಂದ ಮುಂದೆ ಬಿಸಿಲೆ, ಶಿರಾಡಿಗಳ ಕಡೆಗೆ ನೆಲ ಒಮ್ಮೆಗೇ ಕರಾವಳಿಯತ್ತ ಇಳಿದುಬಿಡುತ್ತದೆ. ಒಂದೇ ಗಂಟೆಯ ದಾರಿಯಲ್ಲಿ ಮಳೆ, ಮರ, ಮಣ್ಣು, ಚಳಿ ಎಲ್ಲವೂ ಬದಲಾಗುವುದರಿಂದ ಆಲೂರಿನ ಒಣ ದಿಣ್ಣೆಯಲ್ಲಿ ಸಾಕಾಗುವ ಸಿದ್ಧತೆ ಬಿಸಿಲೆಯ ಕಡೆ ಸಾಲದು.

ಇಲ್ಲಿ ಬಿಡಾರ ಹೂಡುವವರಿಗೆ ಮೊದಲನೆಯ ಪ್ರಶ್ನೆ ಯಾವ ಡೇರೆ ಎಂಬುದಲ್ಲ, ಯಾರ ಅಂಗಳ ಎಂಬುದು. ಇದನ್ನು ನಾನು ಕಲಿತದ್ದು ಸ್ವಂತ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ದಸರಾ ರಜೆಯಲ್ಲಿ ಮಗಳು, ಅಳಿಯ, ಆರು ಮತ್ತು ಮೂರು ವರ್ಷದ ಇಬ್ಬರು ಮೊಮ್ಮಕ್ಕಳೊಡನೆ ಆಲೂರು ತಾಲ್ಲೂಕಿನ ಪಶ್ಚಿಮದ ಅಂಚಿಗೆ ಹೋಗಿದ್ದೆ. ಪರಿಚಿತರ ಕಾಫಿ ತೋಟ. ತೋಟದ ಕೆಳಗೆ ಗದ್ದೆ, ಗದ್ದೆಯ ಪಕ್ಕದಲ್ಲಿ ಸಣ್ಣ ಹಳ್ಳ, ಹಳ್ಳದ ದಡದಲ್ಲಿ ಹಸಿರು ಹುಲ್ಲಿನ ಸಮತಟ್ಟು ಜಾಗ. ಚಿತ್ರದಲ್ಲಿ ಬರೆದಂತಿದ್ದ ಆ ಜಾಗವನ್ನು ಕಂಡು ತೋಟದವರನ್ನು ಒಂದು ಮಾತು ಕೇಳದೆ ಡೇರೆ ಹೊಡೆದೆವು. ಮಕ್ಕಳು ಹಳ್ಳದಲ್ಲಿ ಕಾಲಾಡಿಸಿ ಕುಣಿದರು. ಸಂಜೆ ಏಳರ ಸುಮಾರಿಗೆ ತೋಟದ ರೈಟರು ಕೈಯಲ್ಲಿ ಬ್ಯಾಟರಿ ಹಿಡಿದು ಏದುಸಿರು ಬಿಡುತ್ತ ಬಂದರು. “ಮೇಷ್ಟ್ರೇ, ಇದು ಆನೆ ಇಳಿಯೋ ದಾರಿ. ಭತ್ತ ಹಾಲುಗಟ್ಟೈತೆ. ಮಕ್ಕಳನ್ನ ಕಟ್ಕೊಂಡು ಇಲ್ಲಿ ಮಲಗೋದು ಬ್ಯಾಡಿ, ಕಣಕ್ಕೆ ಬನ್ನಿ” ಎಂದರು. ಮಾತಿಗೆ ಮಾತು ಬೆಳೆಸದೆ ಕತ್ತಲಲ್ಲೇ ಎಲ್ಲವನ್ನೂ ಕಿತ್ತು, ಬಂಗಲೆಯ ಮುಂದಿನ ಕಾಫಿ ಕಣಕ್ಕೆ ಸಾಗಿಸಿದೆವು. ಅಂದು ರಾತ್ರಿ ಹಳ್ಳದ ಕಡೆಗೆ ಆನೆ ಬರಲಿಲ್ಲ. ಎರಡು ಫರ್ಲಾಂಗು ಆಚೆ ಇನ್ನೊಬ್ಬರ ಗದ್ದೆಗೆ ಬಂದಿತ್ತೆಂದು ಬೆಳಿಗ್ಗೆ ತಿಳಿಯಿತು. ತುಳಿದು ಹೋಗಿದ್ದ ಪೈರನ್ನು ಆ ಗದ್ದೆಯವರು ಬದುವಿನ ಮೇಲೆ ನಿಂತು ನೋಡುತ್ತಿದ್ದ ರೀತಿಯನ್ನು ನನ್ನ ದೊಡ್ಡ ಮೊಮ್ಮಗ ಇಂದಿಗೂ ಮರೆತಿಲ್ಲ.

ಹೊರಗಿನಿಂದ ಬರುವವರಿಗೆ ಆನೆ ಎಂದರೆ ಕುತೂಹಲ. ಈ ಎರಡು ತಾಲ್ಲೂಕುಗಳ ಜನಕ್ಕೆ ಅದು ಪ್ರತಿ ಸಂಜೆಯ ಲೆಕ್ಕಾಚಾರ. ಕಾಡಿಗೂ ತೋಟಕ್ಕೂ ನಡುವೆ ಗೆರೆ ಎಳೆದಂತಹ ಗಡಿ ಇಲ್ಲಿಲ್ಲ. ಹಗಲೆಲ್ಲ ಆನೆಗಳು ತೋಟದ ನೆರಳಿನಲ್ಲೇ ನಿಂತಿದ್ದು, ಕತ್ತಲಾದ ಮೇಲೆ ಗದ್ದೆಗೂ ಬಾಳೆಗೂ ಬೈನೆ ಮರಕ್ಕೂ ನಡೆಯುತ್ತವೆ. ಉಚ್ಚ ನ್ಯಾಯಾಲಯದ ಆದೇಶದಂತೆ ಪ್ರೊ. ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಕರ್ನಾಟಕದ ಆನೆ ಕಾರ್ಯಪಡೆ 2012ರಲ್ಲಿ ನೀಡಿದ ವರದಿ, ಆಲೂರು ಭಾಗದಿಂದ ಆನೆಗಳನ್ನು ಹಿಡಿದು ತೆರವುಗೊಳಿಸುವುದೇ ಸೂಕ್ತವೆಂದು ಅಭಿಪ್ರಾಯಪಟ್ಟಿತು. ಅದರಂತೆ 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ಮುಂದಿನ ವರ್ಷಗಳಲ್ಲಿ ಬೇರೆ ಆನೆಗಳು ಬಂದು ಸೇರಿದವು. ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣಬಿಟ್ಟದ್ದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯದಲ್ಲಿಯೇ. ಪಳಗಿದ, ಮಾವುತರನ್ನು ಹೊತ್ತ ಅಂಥ ಗಜರಾಜನಿಗೇ ಒಂಟಿ ಸಲಗ ತಡೆಯಲಾರದ ಎದುರಾಳಿಯಾಯಿತು ಎಂಬುದನ್ನು ನೆನೆದರೆ, ಬಟ್ಟೆಯ ಡೇರೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಆದುದರಿಂದ ಪರಿಚಿತರ ತೋಟದ ಅಂಗಳ, ಕಣ, ಅಥವಾ ಹಳ್ಳಿಯ ಶಾಲೆಯ ಆವರಣವೇ ಎಳೆಯ ಮಕ್ಕಳಿಗೆ ಯೋಗ್ಯವಾದ ಸ್ಥಳ. ಸುತ್ತ ದೀಪವಿರಬೇಕು, ಕೂಗಿದರೆ ಕೇಳುವಷ್ಟು ದೂರದಲ್ಲಿ ಗಟ್ಟಿ ಗೋಡೆಯ ಮನೆಯಿರಬೇಕು, ಮಧ್ಯರಾತ್ರಿಯಲ್ಲಿ ಆ ಮನೆಯ ಬಾಗಿಲು ತಟ್ಟುವ ಸಲಿಗೆ ಇರಬೇಕು. ಆ ವಾರ ಆನೆ ಯಾವ ಕಡೆ ಇದೆ ಎಂಬುದನ್ನು ತೋಟದ ರೈಟರನ್ನೋ ಆಳುಗಳನ್ನೋ ಕೇಳಿದರೆ ಸರಿಯಾದ ಉತ್ತರ ದೊರೆಯುತ್ತದೆ. ಅರಣ್ಯ ಇಲಾಖೆಯವರು ಮೊಬೈಲ್ ಸಂದೇಶದ ಮೂಲಕ ಎಚ್ಚರಿಕೆ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಊರಿನವರ ಮೊಬೈಲಿಗೆ ಬಂದ ಸಂದೇಶವನ್ನು ಕೇಳಿ ತಿಳಿಯುವುದು ಒಳ್ಳೆಯದು. ಬಾಳೆಹಣ್ಣು, ಹಲಸು, ಬೆಲ್ಲ, ಅಕ್ಕಿ, ಉಪ್ಪು ಇವನ್ನು ಡೇರೆಯೊಳಗೆ ಇಟ್ಟುಕೊಂಡು ಮಲಗಬಾರದು. ಅವುಗಳ ವಾಸನೆ ಹಿಡಿದು ಆನೆಗಳು ಮನೆಗಳ ಗೋಡೆಯನ್ನೇ ಕೆಡವಿದ ಉದಾಹರಣೆಗಳಿವೆ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಮಕ್ಕಳನ್ನು ನಡೆಸಿಕೊಂಡು ಹೋಗುವುದಂತೂ ಕೂಡದು. ಬೆಳಗಿನ ಮಂಜು ಕರಗುವವರೆಗೂ ಈ ಮಾತು ಸಲ್ಲುತ್ತದೆ, ಏಕೆಂದರೆ ಮಂಜಿನಲ್ಲಿ ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ.

ಮಂಜಿನ ಮಾತು ಬಂದಾಗ ಮಂಜರಾಬಾದ್ ಕೋಟೆಯನ್ನು ಹೇಳದಿರಲಾಗದು. ಸಕಲೇಶಪುರದಿಂದ ಐದಾರು ಕಿಲೋಮೀಟರ್ ದೂರದಲ್ಲಿ, ದೋಣಿಗಾಲಿನ ಬಳಿ, ಮಂಗಳೂರು ಹೆದ್ದಾರಿಯ ಪಕ್ಕದ ಗುಡ್ಡದ ಮೇಲಿರುವ ಈ ಕೋಟೆಯನ್ನು ಟಿಪ್ಪು ಸುಲ್ತಾನನು 1792ರ ಸುಮಾರಿಗೆ ಯೂರೋಪಿನ ಮಾದರಿಯಲ್ಲಿ, ಎಂಟು ಮೂಲೆಗಳ ನಕ್ಷತ್ರದಾಕಾರದಲ್ಲಿ ಕಟ್ಟಿಸಿದನು. ಅವನು ಬಂದಾಗ ಗುಡ್ಡವೆಲ್ಲ ಮಂಜಿನಿಂದ ಮುಸುಕಿದ್ದರಿಂದ ಆ ಹೆಸರು ಬಂತೆಂದು ಜನ ಹೇಳುತ್ತಾರೆ. ಇಡೀ ತಾಲ್ಲೂಕಿಗೇ ಹಿಂದೆ ಮಂಜರಾಬಾದ್ ಎಂದು ಹೆಸರಿತ್ತು. ಇನ್ನೂರೈವತ್ತರಷ್ಟು ಮೆಟ್ಟಿಲುಗಳನ್ನು ಐದು ವರ್ಷದ ಮಗು ತಾನೇ ಹತ್ತಬಲ್ಲದು; ಹತ್ತಿದೆನೆಂಬ ಹೆಮ್ಮೆಯೂ ಅದಕ್ಕೆ ಉಂಟಾಗುತ್ತದೆ. ನಡುವಿನ ಮೆಟ್ಟಿಲು ಬಾವಿಯ ಬಳಿ ಮತ್ತು ಕೋಟೆಗೋಡೆಯ ಮೇಲೆ ಕೈ ಬಿಡಬಾರದು. ಇದು ಹಗಲು ನೋಡಿ ಬರತಕ್ಕ ಸ್ಥಳವೇ ಹೊರತು ರಾತ್ರಿ ತಂಗುವ ಸ್ಥಳವಲ್ಲ.

ತಂಗಬಾರದ ಸ್ಥಳಗಳು ಇನ್ನೂ ಕೆಲವಿವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ 57 ಸುರಂಗಗಳ ಮೂಲಕ ಇಳಿಯುವ ರೈಲುದಾರಿ ಅತ್ಯಂತ ಸುಂದರವಾದದ್ದು. ಅದನ್ನು ರೈಲಿನ ಕಿಟಕಿಯಿಂದ ಮಕ್ಕಳಿಗೆ ತೋರಿಸಬೇಕು. ಹಳಿಯ ಮೇಲೆ ನಡೆಯುವುದು ಅಪರಾಧವೂ ಹೌದು, ಪ್ರಾಣಾಪಾಯವೂ ಹೌದು. ಬಿಸಿಲೆಯ ರಕ್ಷಿತಾರಣ್ಯದೊಳಗೆ ಅಪ್ಪಣೆಯಿಲ್ಲದೆ ರಾತ್ರಿ ಉಳಿಯಲು ಕಾನೂನು ಬಿಡುವುದಿಲ್ಲ. ಹೇಮಾವತಿಯ ದಡದಲ್ಲಿ, ಹಳ್ಳದ ಮರಳಿನಲ್ಲಿ ಡೇರೆ ಹೊಡೆಯುವವರು ಮೇಲಿನ ಘಟ್ಟದಲ್ಲಿ ಬಿದ್ದ ಮಳೆ ಕೆಳಗೆ ಮೋಡವೇ ಇಲ್ಲದ ಹೊತ್ತಿನಲ್ಲಿ ನೀರಾಗಿ ಬರುತ್ತದೆಂಬುದನ್ನು ಯೋಚಿಸಿರುವುದಿಲ್ಲ. ಬೋಳು ಹುಲ್ಲುಗುಡ್ಡದ ನೆತ್ತಿ ಚಿತ್ರ ತೆಗೆಯಲು ಚೆನ್ನ. ಗಾಳಿಗೂ ಸಿಡಿಲಿಗೂ ಅದೇ ಮೊದಲ ಗುರಿ.

ಯಾವ ಕಾಲ ಒಳ್ಳೆಯದು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಶ್ನೆಯೇ ಇಲ್ಲ. ಆಗ ಮಲೆನಾಡಿನವರೇ ಒಲೆಯ ಮುಂದಿನಿಂದ ಏಳುವುದಿಲ್ಲ. ಅಕ್ಟೋಬರ್‌ನಿಂದ ಭತ್ತದ ಕೊಯ್ಲು ಮುಗಿಯುವವರೆಗೆ ಆನೆಯ ಕಾಟ, ಮೇಲೆ ಹಿಂಗಾರಿನ ಮಳೆ. ಡಿಸೆಂಬರ್, ಜನವರಿಗಳಲ್ಲಿ ಆಕಾಶ ಶುಭ್ರವಾಗಿದ್ದರೂ ಕಾಫಿ ಕೊಯ್ಲಿನ ಕಾಲವಾದ್ದರಿಂದ ಕಣವೆಲ್ಲ ಹಣ್ಣಿನಿಂದ ತುಂಬಿರುತ್ತದೆ. ತೋಟದವರಿಗೆ ಅತಿಥಿಗಳನ್ನು ನೋಡಿಕೊಳ್ಳುವ ಬಿಡುವಿರುವುದಿಲ್ಲ. ಮೇ ತಿಂಗಳಲ್ಲಿ ಹಲಸು ಹಣ್ಣಾಗುತ್ತದೆ, ಗುಡುಗು ಸಿಡಿಲೂ ಇರುತ್ತದೆ. ಹೀಗೆ ಕಳೆಯುತ್ತ ಬಂದರೆ ಫೆಬ್ರವರಿಯ ಕೊನೆ ಮತ್ತು ಮಾರ್ಚ್ ಉಳಿಯುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆಂಬ ಮಾತು ಇಲ್ಲಿ ಅಷ್ಟು ನಿಜವಲ್ಲ, ರಾತ್ರಿ ಸ್ವಲ್ಪ ಚಳಿ ಉಳಿದಿರುತ್ತದೆ; ಆದರೂ ಎಳೆಯ ಮಕ್ಕಳಿಗೆ ಇದೇ ಹಿತವಾದ ಕಾಲ. ಹೂಮಳೆ ಬಿದ್ದು ಏಳೆಂಟು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯ ಹಾಗೆ ಕಂಪು ಬೀರುವುದನ್ನು ಕಂಡ ಮಗು ಕಾಫಿ ಎಂದರೆ ಡಬ್ಬಿಯ ಪುಡಿ ಎಂದುಕೊಳ್ಳುವುದಿಲ್ಲ. ಈ ಕಾಲದ ದೋಷವೆಂದರೆ ಬೆಂಕಿ. ಹುಲ್ಲು ಒಣಗಿರುವುದರಿಂದ ಒಂದು ಕಿಡಿ ಗುಡ್ಡವನ್ನೇ ಸುಡಬಲ್ಲದು. ಒಲೆಯನ್ನು ಅಂಗಳದ ಬರಿ ನೆಲದಲ್ಲಿ, ನೀರು ಪಕ್ಕದಲ್ಲಿಟ್ಟುಕೊಂಡೇ ಹೂಡಬೇಕು.

ಚಳಿಯ ವಿಚಾರವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಮಗುವಿನ ದೇಹದ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಆದುದರಿಂದ ಅದರ ಮೈಬಿಸಿ ನಮ್ಮದಕ್ಕಿಂತ ಬೇಗ ಆರುತ್ತದೆ. ತಂದೆತಾಯಿಗಳು ಹೊದಿಕೆಯ ಮೇಲೆ ಹೊದಿಕೆ ಹೇರುತ್ತಾರೆ. ಬಿಸಿ ಸೋರಿಹೋಗುವುದು ಕೆಳಗಿನ ನೆಲಕ್ಕೆ. ಮಲಗಿದ ಭಾರಕ್ಕೆ ಹಾಸಿಗೆ ಚಪ್ಪಟೆಯಾಗಿ ಅದರೊಳಗಿನ ಗಾಳಿ ಹೋಗಿಬಿಟ್ಟರೆ ತಣ್ಣನೆಯ ಮಣ್ಣು ರಾತ್ರಿಯಿಡೀ ಮೈಯ ಬಿಸಿಯನ್ನು ಹೀರುತ್ತದೆ. ನಮ್ಮ ಹಿರಿಯರು ಗಾಡಿಗೆ ಹುಲ್ಲು ತುಂಬುತ್ತಿದ್ದುದರ ಅರ್ಥ ಇದೇ: ಟೊಳ್ಳಾದ ಹುಲ್ಲಿನ ಕಡ್ಡಿಗಳು ಗಾಳಿಯನ್ನು ಹಿಡಿದಿಡುತ್ತವೆ. ಚೆನ್ನಾಗಿ ಕೊಡವಿದ ಒಣ ಹುಲ್ಲು ಒಂದು ಗೇಣು, ಅದರ ಮೇಲೆ ದಪ್ಪ ಟಾರ್ಪಾಲು, ಅದರ ಮೇಲೆ ಉಣ್ಣೆಯ ಕಂಬಳಿ ಹಾಸಿದರೆ ಬೆಲೆಬಾಳುವ ಹಾಸಿಗೆ ಬೇಕಾಗಿಲ್ಲ. ಉಸಿರಿನ ತೇವದಿಂದ ಡೇರೆಯ ಒಳಬಟ್ಟೆ ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ಒಂದು ಬದಿಯ ಕಿಟಕಿಯನ್ನು ತೆರೆದಿಡಬೇಕು. ಮಗು ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಂಡರೆ ಗದರಿಸಕೂಡದು. ಹೊಸ ಜಾಗದಲ್ಲಿ ಅದು ಸಹಜ. ಎರಡು ಜೊತೆ ಒಣ ಬಟ್ಟೆ ತಲೆದಿಂಬಿನ ಬಳಿಯೇ ಇರಲಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಮಲೆನಾಡಿನ ಮನೆಗಳಲ್ಲಿ ಚಳಿ ಕಾಯಿಸುವ ಅಗ್ಗಿಷ್ಟಿಕೆಯನ್ನು ನೋಡಿ, ಮಕ್ಕಳಿಗೆ ಬೆಚ್ಚಗಿರಲೆಂದು ಕೆಂಡದ ಪಾತ್ರೆಯನ್ನು ಡೇರೆಯೊಳಗೆ ಇಟ್ಟುಕೊಳ್ಳುವವರಿದ್ದಾರೆ. ಹೊಗೆಯಿಲ್ಲದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೆಂಚಿನ ಸಂದಿಯಿಂದ ಗಾಳಿಯಾಡುವ ಹಳೆಯ ಮನೆಯಲ್ಲಿ ನಡೆದುಹೋಗುವುದು, ಮುಚ್ಚಿದ ಡೇರೆಯಲ್ಲಿ ಮಲಗಿದವರನ್ನು ಮಲಗಿದಂತೆಯೇ ಕೊಲ್ಲುತ್ತದೆ. ಕೆಂಡ, ಸ್ಟೌ, ಸೀಮೆಎಣ್ಣೆಯ ದೀಪ ಯಾವುದೂ ಡೇರೆಯ ಒಳಗೆ ಬರಕೂಡದು. ಚಳಿ ತಡೆಯಲಾಗದಿದ್ದರೆ ಮಗುವನ್ನು ಎತ್ತಿಕೊಂಡು ಮನೆಯೊಳಗೆ ಹೋಗಬೇಕು. ಮನೆ ಹತ್ತಿರವಿರಬೇಕೆಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಇಂಬಳವನ್ನು ಕಂಡು ಅಂಜಬೇಕಾದ್ದಿಲ್ಲ. ಮಳೆ ಬಿದ್ದ ಮರುದಿನ ತರಗೆಲೆಯ ಮೇಲೆ ನಡೆದರೆ ಅದು ಹತ್ತದೆ ಬಿಡುವುದಿಲ್ಲ. ಆದರೆ ನೋವಿಲ್ಲ, ರೋಗವನ್ನೂ ತರುವುದಿಲ್ಲವೆಂದೇ ಹೇಳಬಹುದು. ಕೀಳದೆ, ಬಾಯಿಯಿರುವ ಕಡೆ ಉಗುರಿನಿಂದ ಮೆಲ್ಲಗೆ ಸರಿಸಿ ಬಿಡಿಸಿ, ಗಾಯವನ್ನು ಸೋಪಿನಿಂದ ತೊಳೆದರಾಯಿತು. ಸಾಕ್ಸಿನ ಮೇಲೆ ಸುಣ್ಣ, ಹೊಗೆಸೊಪ್ಪು ಉಜ್ಜುವುದು ತೋಟದ ಆಳುಗಳ ಪದ್ಧತಿ. ಎಳೆಯ ಮಕ್ಕಳ ಚರ್ಮಕ್ಕೆ ಅದು ಒಗ್ಗುವುದಿಲ್ಲ, ಉದ್ದ ಸಾಕ್ಸು ಸಾಕು. ನಿಜವಾಗಿ ಅಂಜಬೇಕಾದ್ದು ಉಣುಗಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನ ಕಡಿತದಿಂದ, ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ. ಅದರ ಹಾವಳಿ ಹೆಚ್ಚಾಗಿರುವುದು ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರುಗಳಲ್ಲಿ. ಚಿಕ್ಕಮಗಳೂರು ನಮ್ಮ ನೆರೆಯದೇ ಜಿಲ್ಲೆ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಹೋಗಬಾರದು. ಪ್ರತಿ ಸಂಜೆ ಮಕ್ಕಳಿಗೆ ಬಿಸಿನೀರು ಹಾಕುವಾಗ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೂದಲ ಬುಡ ಇವನ್ನು ಬೆಳಕು ಹಿಡಿದು ನೋಡಬೇಕು. ಬೆಳಿಗ್ಗೆ ಬೂಟು ಕೊಡವದೆ ಮಗುವಿನ ಕಾಲಿಗೆ ಹಾಕಬಾರದು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಯಾವುದನ್ನೂ ಮಾಡದೆ, ಆ ಅಂಗ ಅಲುಗದಂತೆ ಇರಿಸಿ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಸಕಲೇಶಪುರದಲ್ಲಿ ಕ್ರಾಫರ್ಡ್ ಆಸ್ಪತ್ರೆಯಿದೆ. ತಂಗಿದ ಸ್ಥಳದಿಂದ ಅಲ್ಲಿಗೆ ಎಷ್ಟು ಹೊತ್ತಿನ ದಾರಿ ಎಂಬುದನ್ನು ಹಗಲಿನಲ್ಲೇ ಅರಿತಿರಬೇಕು. ಮೊಬೈಲು ಎಲ್ಲಿ ನಿಂತರೆ ಸಿಗುತ್ತದೆ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು, ಏಕೆಂದರೆ 108ಕ್ಕೆ ಕರೆ ಹೋಗದಿದ್ದರೆ ಆ ಸಂಖ್ಯೆ ತಿಳಿದೂ ಪ್ರಯೋಜನವಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಕೆಲವರು ಮಕ್ಕಳನ್ನು ಕರೆದೊಯ್ಯುವುದೇ ಬೇಡವೆಂದು ತೀರ್ಮಾನಿಸಿಯಾರು. ಅದು ಸರಿಯಲ್ಲ. ದೀಪ ಆರಿಸಿದರೂ ಬೀದಿಯ ಬೆಳಕು ಒಳಬರುವ ಮನೆಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ನಿಜವಾದ ಕತ್ತಲೆಯನ್ನು ನೋಡಿಯೇ ಇಲ್ಲ. ಮೊದಲು ಮನೆಯ ತಾರಸಿಯ ಮೇಲೆ ಒಂದು ರಾತ್ರಿ ಮಲಗಿ ಅಭ್ಯಾಸ ಮಾಡಿಸಬೇಕು. ಆಮೇಲೆ ಇಲ್ಲಿಗೆ ಬಂದರೆ ಎರಡು ರಾತ್ರಿ ಒಂದೇ ಕಡೆ ಉಳಿಯಬೇಕು. ಮೊದಲ ರಾತ್ರಿ ಮಗು ನಿದ್ರಿಸುವುದಿಲ್ಲ. ಎರಡನೆಯ ರಾತ್ರಿ ನಿದ್ರಿಸುತ್ತದೆ. ಒಂದೇ ರಾತ್ರಿಗೆ ಬಂದು ಹೋಗುವವರು ಕಷ್ಟವನ್ನು ಅನುಭವಿಸಿ ಸುಖವನ್ನು ಬಿಟ್ಟುಹೋಗುತ್ತಾರೆ. ಕಾಡುಕುರಿ ಬೊಗಳಿದಾಗ ನನ್ನ ಚಿಕ್ಕ ಮೊಮ್ಮಗಳು ನಡುಗಿದಳು. ಅದು ನಾಯಿಯಲ್ಲ, ಜಿಂಕೆಯ ಜಾತಿಯ ಸಣ್ಣ ಪ್ರಾಣಿ, ಹೆದರಿ ಹಾಗೆ ಕೂಗುತ್ತದೆ ಎಂದು ರೈಟರ ಹೆಂಡತಿ ಹೇಳಿದಾಗ ಅವಳು ಕೇಳಿದ್ದು, “ಅದಕ್ಕೂ ಭಯಾನಾ ಅಜ್ಜಿ?” ಎಂದು. ಆಮೇಲೆ ಅತ್ತಳೇ ಎಂದರೆ, ಅತ್ತಳು. ಆದರೆ ಸ್ವಲ್ಪ ಹೊತ್ತು.

ಮಗುವಿಗೆ ಕೆಲಸವಿರಬೇಕು. ತನ್ನ ಚೀಲವನ್ನು ತಾನೇ ಹೊರುವುದು, ಒಲೆಗೆ ಪುರಳೆ ಆರಿಸುವುದು, ಗೂಟ ಎಣಿಸಿ ಕೊಡುವುದು, ಲೋಟ ತೊಳೆಯುವುದು ಮೂರು ವರ್ಷಕ್ಕೂ ಸಾಧ್ಯವಾದ ಕೆಲಸಗಳು. ಕೊರಳಿಗೆ ಒಂದು ಪೀಪಿ ಕಟ್ಟಿ, ದಾರಿ ತಪ್ಪಿದರೆ ನಿಂತಲ್ಲೇ ನಿಂತು ಊದಬೇಕೆಂದು ಹೇಳಿಕೊಡಬೇಕು. ಅಡಿಗೆ ಸರಳವಾಗಿರಲಿ: ಹುರಿಹಿಟ್ಟು, ಅವಲಕ್ಕಿ, ಗಂಜಿ, ಮನೆಯಿಂದ ತಂದ ಚಟ್ನಿಪುಡಿ, ಆತಿಥೇಯರು ಕಡುಬು ಕೊಟ್ಟರೆ ಬೇಡವೆನ್ನಬಾರದು. ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿಯೇ ಕುಡಿಸಬೇಕು. ಊಟವಾದ ಮೇಲೆ ಅಂಗಳದ ದೀಪವನ್ನು ಹತ್ತು ನಿಮಿಷ ಆರಿಸಿ ಆಕಾಶ ತೋರಿಸಿದರೆ, ಫೆಬ್ರವರಿ ಮಾರ್ಚ್‌ಗಳಲ್ಲಿ ಮಹಾವ್ಯಾಧನ ನಡುಪಟ್ಟಿಯ ಮೂರು ಚುಕ್ಕಿಗಳು, ಅದರ ಪಶ್ಚಿಮಕ್ಕೆ ಕೆಂಪಗಿನ ರೋಹಿಣಿ, ಇನ್ನೂ ಆಚೆ ಕೃತ್ತಿಕೆಯ ಗೊಂಚಲು ಬರಿಗಣ್ಣಿಗೆ ಕಾಣುತ್ತವೆ. ಅಧ್ಯಾಪಕ ಮಿತ್ರರು ಗಮನಿಸಬೇಕು: ತರಗತಿಯ ಹಲಗೆಯ ಮೇಲೆ ಮೂರು ವರ್ಷ ಬರೆದರೂ ತಲೆಗೆ ಹೋಗದ ಪಾಠ ಅಲ್ಲಿ ಅರ್ಧ ಗಳಿಗೆಯಲ್ಲಿ ಹೋಗುತ್ತದೆ.

ಹೊರಡುವ ದಿನ ಒಲೆಯ ಬೂದಿಯ ಮೇಲೆ ನೀರು ಸುರಿದು ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಮತ್ತೆ ಸುರಿಯಬೇಕು. ತಂದ ಪ್ಲಾಸ್ಟಿಕ್ ಎಲ್ಲವೂ ಕಾರಿನಲ್ಲಿ ಹಿಂದಿರುಗಬೇಕು, ದನಗಳು ಅದನ್ನು ತಿನ್ನುತ್ತವೆ. ಹಾಸಿದ ಹುಲ್ಲನ್ನು ಬಣವೆಗೆ ಮರಳಿಸದೆ, ಎಲ್ಲಿ ಹಾಕಬೇಕೆಂದು ಮನೆಯವರನ್ನು ಕೇಳುವುದು ಲೇಸು. ಮಲೆನಾಡಿನ ತೇವ ಹಿಡಿದ ಡೇರೆಯನ್ನು ಹಾಗೆಯೇ ಮಡಿಸಿಟ್ಟರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಊರಿಗೆ ಬಂದ ಮೇಲೆ ಎರಡು ದಿನ ಬಿಸಿಲಿನಲ್ಲಿ ಹರಡಿ, ಮಡಿಕೆಗಳಲ್ಲಿ ಇಂಬಳವೇನಾದರೂ ಉಳಿದಿದೆಯೇ ಎಂದು ನೋಡಿ ಎತ್ತಿಡಬೇಕು.